ಎಡಗಡೆ ಹಿಂದಿನ ಚಕ್ರ

ನರಸಯ್ಯನಿಗೆ ಪುಕ್ಕಲ ಅನ್ನುವ ಹೆಸರು ಬಂದದ್ದು ನಾಲೆಯಿಂದ. ಅದಕ್ಕೆ ಮುಂಚೆ ಅವನೂ ಎಲ್ಲರಂತೆಯೇ ಇದ್ದ. ಎತ್ತಿನ ಗಾಡಿ ಹೊಡೆದಿದ್ದ, ಟ್ರಾಕ್ಟರಿನಲ್ಲಿ ಆಲೆಮನೆಗೆ ಕಬ್ಬು ಸಾಗಿಸಿದ್ದ, ಸಂತೆಯಲ್ಲಿ ಜಗಳವಾದರೆ ಮುಂದೆ ನಿಲ್ಲುತ್ತಿದ್ದ. ಒಂದು ಶ್ರಾವಣದಲ್ಲಿ ಮದುವೆಯ ಜನ ತುಂಬಿಕೊಂಡಿದ್ದ ಟೆಂಪೋ ದೊಡ್ಡ ನಾಲೆಗೆ ಇಳಿದುಬಿಟ್ಟಿತು. ಹಗ್ಗ ಎಳೆದವರಲ್ಲಿ ನರಸಯ್ಯನೂ ಒಬ್ಬ. ಗಾಡಿ ಮೇಲೆ ಬಂದಾಗ ಸಂದುಗೊಂದುಗಳಿಂದೆಲ್ಲ ನೀರು ಸುರಿಯುತ್ತಿತ್ತು. ಒಳಗೆ ನೋಡಬೇಡ ಅಂದರು. ನೋಡಿದ. ಆಮೇಲೆ ನಾಲೆ ಏರಿಯ ಮೇಲೆ ಗಾಡಿ ಓಡಿಸುವಾಗ ವೇಗ ತಗ್ಗಿಸಿ, ನೀರಿನಿಂದ ದೂರ ಸರಿದೇ ಹೋಗುತ್ತಿದ್ದ.

ಅಂಥವನಿಗೇ ದಿನವೂ ಆ ದಾರಿ ಬಿತ್ತು. ಪಾಂಡವಪುರದ ಕಡೆಯ ಚಿಕ್ಕಸ್ವಾಮಿಗೌಡರು ಒಂದು ಪಿಕಪ್ ಗಾಡಿ ಕೊಂಡು ಅವನನ್ನು ಡ್ರೈವರ್ ಮಾಡಿಕೊಂಡಿದ್ದರು. ಬತ್ತದ ಕುಯ್ಲು ಬಂತೆಂದರೆ ನಾಗಮಂಗಲ ಸೀಮೆಯ ಒಣ ಹಳ್ಳಿಗಳಿಂದ ಹೆಂಗಸರನ್ನು ತುಂಬಿಕೊಂಡು ಗೌಡರ ಗದ್ದೆಗೆ ಇಳಿಸುವುದು, ಸಂಜೆ ವಾಪಸ್ಸು ಬಿಡುವುದು. ನರಸಯ್ಯನ ಊರೂ ಅದೇ ಕಡೆ. ಗಾಡಿ ರಾತ್ರಿ ಅವನ ಮನೆ ಮುಂದೆಯೇ ನಿಲ್ಲುತ್ತಿತ್ತು, ಅವನ ಹೆಂಡತಿ ಚಲುವಮ್ಮನೂ ಆ ಕೂಲಿ ಗುಂಪಿನಲ್ಲಿದ್ದಳು. ಸಾಮಾನು ಸಾಗಿಸುವ ಗಾಡಿಯಲ್ಲಿ ಜನ ತುಂಬಬಾರದು ಅನ್ನುತ್ತದೆ ಕಾನೂನು. ಬಹಳ ಒಳ್ಳೆಯ ಕಾನೂನು. ಹಾಗಾದರೆ ಹೊತ್ತು ಹುಟ್ಟುವ ಮುಂಚೆ ಆ ಹಳ್ಳಿಗೆ ಒಂದು ಬಸ್ಸು ಬಿಡಿ ಸ್ವಾಮಿ! ಬಸ್ಸು ಕೇಳಿದರೆ ರಸ್ತೆ ಸರಿಯಿಲ್ಲ ಅನ್ನುತ್ತಾರೆ, ರಸ್ತೆ ಕೇಳಿದರೆ ಬಸ್ಸೇ ಬರುವುದಿಲ್ಲವಲ್ಲ ಅನ್ನುತ್ತಾರೆ. ಕೂಲಿ ಹೆಂಗಸರ ಹೊಟ್ಟೆ ಇವರ ಫೈಲು ಸರಿಯಾಗುವ ತನಕ ಕಾಯುತ್ತದೆಯೇ?

ತೊಂಬತ್ತಾರನೇ ಇಸವಿ ಇರಬೇಕು, ಆಯುಧಪೂಜೆಗೆ ಗೌಡರು ಗಾಡಿಯನ್ನು ಮದುವಣಗಿತ್ತಿ ಮಾಡಬೇಕೆಂದು ಹೊರಟರು. ನಾಲ್ಕೂ ಚಕ್ರ ಬಿಚ್ಚಿ ತೊಳೆದು ಕೆಂಪು ಬಣ್ಣ ಬಳಿಯುವ ಕೆಲಸ ನರಸಯ್ಯನದು.

"ಒಳ್ಗೂ ಹೊರ್ಗೂ ಬಳಿ ಕಣ್ಲಾ. ಜಿಪುಣತನ ಮಾಡ್ಬ್ಯಾಡ" ಅಂದರು ಗೌಡರು.

ಜಿಪುಣತನ ಮಾಡಲಿಲ್ಲ. ಚಕ್ರ ಹೋಗಿ ಕೂರುವ ಡ್ರಮ್ಮಿನ ಮುಖಕ್ಕೂ ದಪ್ಪಗೆ ಬಳಿದ. ಹಸಿ ಆರುವ ಮೊದಲೇ ಚಕ್ರ ಏರಿಸಿ, ನಟ್ಟು ಬಿಗಿದು, ನಟ್ಟಿನ ಮೇಲೂ ಇನ್ನೊಂದು ಸಲ ಕುಂಚ ಆಡಿಸಿದ. ಗಂಜಾಂನ ನಿಮಿಷಾಂಬೆಯ ಕುಂಕುಮ ಬಂತು, ಬೂದುಗುಂಬಳ ಒಡೆಯಿತು, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಊರೆಲ್ಲ ಗಾಡಿ ನೋಡಿ ತಲೆದೂಗಿತು.

ದೀಪಾವಳಿ ಕಳೆಯುವಷ್ಟರಲ್ಲಿ ಗಾಡಿ ನಡುಗಲು ಶುರುವಾಯಿತು.

ಮೊದಮೊದಲು ವೇಗ ಹೆಚ್ಚಾದಾಗ ಮಾತ್ರ. ಆಮೇಲೆ ನಿಧಾನವಾಗಿ ಹೋದರೂ ಸಣ್ಣಗೆ, ಜ್ವರ ಬಂದ ಮಗುವಿನ ಮೈಯಂತೆ. ಶ್ರೀರಂಗಪಟ್ಟಣದ ಟೈರ್ ಅಂಗಡಿಯವನು ಮುಂದಿನ ಟೈರುಗಳದೇ ದೋಷ ಅಂದ. ಅವನ್ನು ಬದಲಾಯಿಸಿದರು, ನಡುಕ ಹೋಗಲಿಲ್ಲ. ಕೆ.ಆರ್. ಪೇಟೆಯ ಮೆಕ್ಯಾನಿಕ್ಕು ಗಾಡಿಯಡಿ ಮಲಗಿ, ಎಂಜಿನ್ನಿನಿಂದ ಹಿಂದಕ್ಕೆ ಹೋಗುವ ಉದ್ದನೆ ಶಾಫ್ಟಿನ ಜಾಯಿಂಟು ಸವೆದಿದೆ ಅಂದ. ಅದನ್ನೂ ಹೊಸದು ಹಾಕಿದರು, ನಡುಕ ಹೋಗಲಿಲ್ಲ. ಹಿಂದಿನ ಚಕ್ರ ಒಂದು ಸಲ ಬಿಚ್ಚಿ ನೋಡೋಣ ಎಂದು ನರಸಯ್ಯ ಕೇಳಿದಾಗ ಗೌಡರು ರೇಗಿದರು. "ಪೂಜೆ ಬಣ್ಣ ಕಣಯ್ಯ ಅದು. ಸ್ಪ್ಯಾನರ್ ಹಾಕಿ ಸುಲ್ದು ಆಕ್ಬುಟ್ಟೀಯ, ಜ್ವಾಕೆ!"

ಅವನೂ ಒತ್ತಾಯ ಮಾಡಲಿಲ್ಲ. ದಿನಾ ಬೆಳಿಗ್ಗೆ ಬಗ್ಗಿ ನಟ್ಟುಗಳನ್ನು ನೋಡುತ್ತಿದ್ದ. ಬಣ್ಣ ಕೂದಲೆಳೆಯಷ್ಟೂ ಬಿರಿದಿರಲಿಲ್ಲ. ನಟ್ಟು ತಿರುಗಿದ್ದರೆ ಬಣ್ಣ ಒಡೆಯಬೇಕಲ್ಲ? ಒಡೆದಿಲ್ಲ, ಅಂದಮೇಲೆ ಬಿಗಿಯಾಗಿಯೇ ಇದೆ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಹೆಂಗಸರನ್ನು ಹತ್ತಿಸಿಕೊಳ್ಳುತ್ತಿದ್ದ.

ಕುಯ್ಲಿನ ಒಂದು ಬೆಳಿಗ್ಗೆ ಮಂಜು ಕವಿದಿತ್ತು. ಹೆಂಗಸರು ಕುಡುಗೋಲುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹಿಂದೆ ಒತ್ತಾಗಿ ಕೂತಿದ್ದರು. ಹಿಂದಿನ ದಿನ ನಾಗಮಂಗಲದ ನೆಂಟರ ಮನೆಗೆ ಬಂದು ಉಳಿದಿದ್ದ ಗೌಡರು ಅವತ್ತು ಕ್ಯಾಬಿನ್ನಿನಲ್ಲಿ ನರಸಯ್ಯನ ಪಕ್ಕದಲ್ಲಿದ್ದರು. ಗಾಡಿ ನಾಲೆ ಏರಿ ಹತ್ತಿತು. ಎಡಕ್ಕೆ ನೀರು. ತಡೆಗೋಡೆ ಇಲ್ಲ, ಕಲ್ಲಿಲ್ಲ. ಮಂಜಿನಲ್ಲಿ ನೀರು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು.

ನಡುಕ ಅವತ್ತು ಬೇರೆಯಾಗಿತ್ತು. ಸೀಟಿನಿಂದ ಬೆನ್ನುಮೂಳೆಗೆ ಹತ್ತುತ್ತಿತ್ತು.

"ಗೌಡ್ರೆ, ಇದು ಸರಿಯಾಗಿಲ್ಲ."

"ಲೇ, ಗಾಡಿ ನಡುಗ್ತಿಲ್ಲ ಕಣ್ಲಾ, ನಡುಗ್ತಿರೋದು ನಿನ್ ಕೈ. ಸುಮ್ಕೆ ಓಡ್ಸು. ಬಿಸ್ಲು ಏರಿದ್ರೆ ಬತ್ತ ಉದುರ್ತದೆ."

ಇರಬಹುದೇ? ನರಸಯ್ಯನಿಗೆ ನಿಜವಾಗಿ ಅನುಮಾನ ಬಂತು. ಹಿಡಿತ ಸಡಿಲಿಸಿ ಸ್ಟಿಯರಿಂಗಿನ ಮೇಲೆ ಬೆರಳ ತುದಿಯಷ್ಟೇ ಇಟ್ಟ. ಅದು ಸುಮ್ಮನಿತ್ತು. ಅಲ್ಲಿಗೆ ಮುಂದಿನ ಚಕ್ರಗಳದು ತಪ್ಪಲ್ಲ. ಕ್ಲಚ್ಚು ಒತ್ತಿ ಗೇರು ತೆಗೆದ. ಎಂಜಿನ್ನಿನ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ, ಉರುಳುವ ಚಕ್ರದ ಜೊತೆಗೇ ಬರುತ್ತಿತ್ತು. ಎಂಜಿನ್ನಿನದೂ ಅಲ್ಲ. ಮತ್ತೆ ಗೇರು ಹಾಕಿ ಆಕ್ಸಿಲರೇಟರ್ ಒತ್ತಿದ, ಹಿಂದೆಲ್ಲೋ 'ಟಕ್' ಅಂತು. ಬಿಟ್ಟ, ಮತ್ತೆ 'ಟಕ್'. ಏನೋ ಒಂದು ತನ್ನ ಜಾಗ ಬಿಟ್ಟು ಹಿಂದೆ ಮುಂದೆ ಆಡುತ್ತಿದೆ. ರಸ್ತೆ ಬಲಕ್ಕೆ ತಿರುಗಿ ಭಾರವೆಲ್ಲ ಎಡಕ್ಕೆ ವಾಲಿದಾಗ ಆ ಸದ್ದು ಕಟಕಟ ಅಂತ ಒಂದೇ ಸಮನೆ ಶುರುವಾಯಿತು.

ಬೆನ್ನ ಹಿಂದಿನ ಗಾಜಿಲ್ಲದ ಕಿಂಡಿಗೆ ಮುಖ ತಿರುವಿ ಕೂಗಿದ. "ಯಾವ್ ಕಡೆ ನಡುಗ್ತೈತೆ ನೋಡ್ರಮ್ಮಾ!"

ಗುಂಪಿನ ಹಿರಿಯಳು ಸಿದ್ದಲಿಂಗಮ್ಮ. ಅವಳ ಬಾಯಿಗೆ ಗೌಡರೂ ಹೆದರುತ್ತಿದ್ದರು. "ಎಲ್ಲಾ ಕಡೆ ಕಣ್ಲಾ ನರ್ಸ! ಬಾಯಾಗಿರೋದೇ ನಾಕು ಹಲ್ಲು, ಅವ್ನೂ ಉದುರಿಸ್ಬುಡು ಇವತ್ತು!"

ಹೆಂಗಸರು ನಕ್ಕರು. ನಗುವಿನ ನಡುವೆ ಚಲುವಮ್ಮನ ದನಿ ಬಂತು. ಅದರಲ್ಲಿ ನಗುವಿರಲಿಲ್ಲ. "ಇಲ್ಲಿ, ಎಡಗಡೆ ಮೂಲೇಲಿ. ಅಡಿಯಿಂದ ಯಾರೋ ಗುದ್ದಿದಂಗೆ ಆಯ್ತದೆ. ಕುಂತ್ಕಳಕ್ಕೇ ಆಯ್ತಿಲ್ಲ."

ಎಡಗಡೆ ಹಿಂದಿನ ಚಕ್ರ. ನಾಲೆಯ ಕಡೆಯ ಚಕ್ರ.

ನರಸಯ್ಯ ಜೋರಾಗಿ ಬ್ರೇಕ್ ಒತ್ತಲಿಲ್ಲ. ಒತ್ತಿದರೆ ಏನಾಗುತ್ತದೋ ಅನ್ನುವ ಭಯ. ಗಾಡಿಯನ್ನು ಬಲಕ್ಕೆ, ಗದ್ದೆಯ ಕಡೆಗೆ ಎಳೆಯುತ್ತ, ಗೇರು ಇಳಿಸುತ್ತ, ತಾನಾಗಿ ನಿಲ್ಲುವಂತೆ ಬಿಟ್ಟ.

"ಯಾಕ್ಲಾ ನಿಲ್ಸ್ದೆ?" ಗೌಡರು ಕಿರುಚಿದರು.

ನರಸಯ್ಯ ಇಳಿದು ಆ ಚಕ್ರದ ಹತ್ತಿರ ಹೋದ. ನಟ್ಟುಗಳು ಕೆಂಪಗೆ ಹೊಳೆಯುತ್ತಿದ್ದವು, ಬಣ್ಣ ಅಲುಗಿರಲಿಲ್ಲ. ಬುಡದಲ್ಲಿ ಮಾತ್ರ ಕಾಡಿಗೆಯಂಥ ಕಪ್ಪು ಪುಡಿ ಉಗುರಿನಷ್ಟು ಇಳಿದಿತ್ತು. ಸ್ಪ್ಯಾನರ್ ತರುವ ಮೊದಲು ಒಂದು ನಟ್ಟನ್ನು ಕೈಯಲ್ಲೇ ಹಿಡಿದು ಅಲ್ಲಾಡಿಸಿದ. ತುಂಡಾದ ಬೋಲ್ಟಿನ ಸಮೇತ ಅದು ಅವನ ಕೈಗೆ ಬಂತು. ಇನ್ನೊಂದನ್ನು ಹಿಡಿದ. ಅದೂ ಹಾಗೆಯೇ ಬಂತು. ಉಳಿದ ಮೂರು ಬೆರಳಿಗೇ ತಿರುಗಿದವು.

ನಟ್ಟು ತಿರುಗಿಯೇ ಇರಲಿಲ್ಲ. ಚಕ್ರಕ್ಕೂ ಡ್ರಮ್ಮಿಗೂ ನಡುವೆ ಅವನು ಬಳಿದಿದ್ದ ದಪ್ಪ ಬಣ್ಣ ದಿನದಿನಕ್ಕೆ ಜಜ್ಜಿ ಪುಡಿಯಾಗಿ ಸಂದು ಬಿಟ್ಟಿತ್ತು, ಆ ಸಂದಿನಲ್ಲಿ ಚಕ್ರ ಆಡಿ ಆಡಿ ಬೋಲ್ಟು ತುಂಡಾಗಿದ್ದವು. ಹೊರಗಿನ ಬಣ್ಣ ಎಲ್ಲ ಸರಿಯಿದೆ ಎಂದು ಸುಳ್ಳು ಹೇಳುತ್ತ ಕೂತಿತ್ತು.

ನರಸಯ್ಯ ಬೋಲ್ಟುಗಳನ್ನು ಮುಷ್ಟಿಯಲ್ಲಿ ಹಿಡಿದು ಎದ್ದ. ಗಾಡಿಗೆ ಆತುಕೊಂಡೇ ಅಂದ, "ಎಲ್ರೂ ಇಳೀರಿ."

ಗೌಡರೂ ಬಂದು ನೋಡಿದರು. ಮುಖ ಬಿಳುಚಿಕೊಂಡಿತು. ಆದರೂ ಮಾತು ಬಿಗಿಯಾಗಿಯೇ ಬಂತು. "ಇನ್ನೂ ಮೂರು ಅವಲ್ಲ, ಬಿಗಿದಾಕು. ಗದ್ದೆ ಎಷ್ಟು ದೂರ? ನಿದಾನ್ವಾಗಿ ಓಡ್ಸುದ್ರಾಯ್ತು."

ಸಿದ್ದಲಿಂಗಮ್ಮ ಮೇಲಿನಿಂದಲೇ ಅಂದಳು, "ಓಡ್ಸಪ್ಪ, ಒತ್ತಾಯ್ತದೆ. ಲೇಟಾದ್ರೆ ಅರ್ದ ದಿನದ್ ಕೂಲಿ ನಿಮ್ಮಪ್ಪ ಕೊಟ್ಟಾನಾ?"

ಬಡವರ ದುಃಖದ ತುತ್ತತುದಿ ಇದು. ಸಾವು ಚಕ್ರದ ಹತ್ತಿರ ಕೂತಿದ್ದರೂ ಲೆಕ್ಕ ಹಾಕಬೇಕಾದದ್ದು ಅರ್ಧ ದಿನದ ಕೂಲಿಯನ್ನು. ನರಸಯ್ಯ ತುಂಡಾದ ಎರಡು ಬೋಲ್ಟುಗಳನ್ನೂ ಅವಳ ಅಂಗೈಯಲ್ಲಿಟ್ಟ. ಅವಳು ಅವನ್ನು ನೋಡಿದಳು, ನೀರಿನ ಸದ್ದು ಬರುತ್ತಿದ್ದ ಕಡೆ ನೋಡಿದಳು.

"ಇಳೀರೇ" ಅಂದಳು.

ಎಲ್ಲರೂ ಇಳಿದರು. ಗೌಡರು ಕೈ ಚಾಚಿದರು. "ಕೀ ಕೊಡ್ಲಾ. ನಾನೇ ಓಡುಸ್ತೀನಿ. ಗಾಡಿ ನಂದು."

"ಗಾಡಿ ನಿಮ್ದು ಗೌಡ್ರೆ. ಹೆಂಗಸ್ರು ನಿಮ್ಮವ್ರಲ್ಲ." ಹೇಳಿದ ಮೇಲೆ ಅವನಿಗೇ ತನ್ನ ದನಿ ಕೇಳಿ ದಿಗಿಲಾಯಿತು. "ಅವ್ರು ನಡ್ಕಂಡು ಓಯ್ತಾರೆ. ಆಮ್ಯಾಕೆ ಕೀ ತಕ್ಕಳಿ."

ಚಲುವಮ್ಮ ಮೊದಲು ಹೆಜ್ಜೆ ಹಾಕಿದಳು, ಗದ್ದೆಯ ಬದಿಯನ್ನೇ ಹಿಡಿದು. ಉಳಿದವರು ಹಿಂದೆ ಹೋದರು. ಮಂಜಿನಲ್ಲಿ ಅವರ ಕೊನೆಯ ಸೆರಗು ಮರೆಯಾಗುವ ತನಕ ನರಸಯ್ಯ ಕೀಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಆಮೇಲೆ ಕೊಟ್ಟ. ಗೌಡರು ಅದನ್ನು ತೆಗೆದುಕೊಂಡರು, ಸ್ಟಿಯರಿಂಗಿನ ಹಿಂದೆ ಕೂರಲಿಲ್ಲ. ಚಕ್ರದ ಹತ್ತಿರ ಬಗ್ಗಿ, "ಜಾಕಿ ಎಲ್ಲಿ ಮಡಗಿದ್ದೀಯ?" ಅಂದರು. ಇಬ್ಬರೂ ಕೂತು ಚಕ್ರ ಬಿಚ್ಚಿದರು, ಬಣ್ಣ ಕೆರೆದರು, ಇದ್ದ ಮೂರು ನಟ್ಟು ಬಿಗಿದು ಖಾಲಿ ಗಾಡಿಯನ್ನು ಆಮೆಯಂತೆ ಪಾಂಡವಪುರದ ಗ್ಯಾರೇಜಿಗೆ ತಂದರು.

ಹೆಂಗಸರು ತಡವಾಗಿ ಗದ್ದೆ ಸೇರಿದರು. ಅರ್ಧ ದಿನದ ಕೂಲಿ ಮುರಿದದ್ದೂ ನಿಜ. ಅದಕ್ಕೆ ಅವರು ಬೈದದ್ದು ಗೌಡರನ್ನಲ್ಲ, ನರಸಯ್ಯನನ್ನು. ಅವನು ಬೈಸಿಕೊಂಡ.

ಆ ಸಂಜೆ ಗೌಡರ ಮನೆಗೆ ಹೋಗಿ ಅಂದ, "ಬತ್ತ ತುಂಬಿ, ಬೆಲ್ಲ ತುಂಬಿ. ಜನ ಬ್ಯಾಡ ಗೌಡ್ರೆ."

"ನೀನಿಲ್ದಿದ್ರೆ ಇನ್ನೊಬ್ಬ ಡ್ರೈವರ್ ಸಿಕ್ತಾನೆ ಕಣಯ್ಯ. ಅವ್ನು ಪುಕ್ಕಲ ಆಗಿರಕಿಲ್ಲ."

ಅದೇ ಮಾತು ಅವನನ್ನು ರಾತ್ರಿಯೆಲ್ಲ ಚುಚ್ಚಿತು. ಭಯವಿಲ್ಲದವನೊಬ್ಬ ಆ ಏರಿಯ ಮೇಲೆ ಈ ಹೆಂಗಸರನ್ನು ಕೂರಿಸಿಕೊಂಡು ಹೋಗುತ್ತಾನೆ. ಮಂಜಿನಲ್ಲಿ ಹಾಡು ಹೇಳಿಕೊಂಡು ಹೋಗುತ್ತಾನೆ.

ಬೆಳಿಗ್ಗೆ ಹೊಸ ಬೋಲ್ಟು ಹಾಕಿದ ಗಾಡಿ ಊರ ಮುಂದೆ ನಿಂತಿತು. ನರಸಯ್ಯನೇ ತಂದಿದ್ದ. ಹತ್ತಲು ಮೆಟ್ಟಿಲಿರಲಿಲ್ಲ, ಹೆಂಗಸರು ಒಬ್ಬೊಬ್ಬರಾಗಿ ಅದೇ ಎಡಗಡೆಯ ಹಿಂದಿನ ಚಕ್ರದ ಮೇಲೆ ಕಾಲಿಟ್ಟು ಹತ್ತಿದರು. ಅವನು ಸ್ಪ್ಯಾನರನ್ನು ಕಂಕುಳಲ್ಲಿ ಅವುಚಿಕೊಂಡು, ಒಬ್ಬೊಬ್ಬರ ಮೊಣಕೈಗೂ ಆಸರೆ ಕೊಟ್ಟ.