ಅತ್ತೆ ಕಲಿಸಿದ ಎಡಗೈ

ನಮ್ಮತ್ತೆಯ ಹಸ್ತಗಳು ಗಂಡಸರ ಹಸ್ತಗಳಷ್ಟು ಅಗಲ. ಹಂಚಿನ ಕಾವಿಗೆ ಬೆರಳ ತುದಿಗಳು ಸವೆದು ನುಣುಪಾಗಿದ್ದವು. ಅವರು ರೊಟ್ಟಿ ಬಡಿಯುವ ಸಪ್ಪಳ ಹತ್ತಿಮತ್ತೂರಿನ ನಮ್ಮ ಓಣಿಯ ಕೊನೆಗೂ ಕೇಳುತ್ತಿತ್ತು. ಮಾತು ಮಾತ್ರ ಮೆಲ್ಲಗೆ.

ಮಹಾಯುದ್ಧಕ್ಕೆ ಮುಂಚಿನ ಮಾತು. ತಾಯಿಯಿಲ್ಲದ ನನ್ನ ಮೊದಲ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ವಾರದೊಳಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಬಲಗೈ ಸತ್ತಂತಾಯಿತು. ಮಗುವನ್ನು ಎತ್ತಿಕೊಳ್ಳಲೂ ಆಗದೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ನೋಡಲು ಬಂದ ಅತ್ತೆಯ ನಾದಿನಿ ನನಗೆ ಕೇಳಿಸುವಂತೆಯೇ ಅಂದಳು: "ವೈನಿ, ಇಕೀನ ಮಾಸೂರಿಗೆ ಅಪ್ಪನ ಮನಿಗೆ ಕಳಿಸಿಬಿಡ್ರಿ. ಹುಡುಗಗ ಬ್ಯಾರೆ ಹೆಣ್ಣು ನೋಡೂಣು."

ಮರುದಿನ ಅತ್ತೆ ಜೋಳದ ಹಿಟ್ಟಿನ ಪರಾತವನ್ನು ನನ್ನ ಮುಂದಿಟ್ಟರು. "ಏಳವ್ವಾ, ಎಡಗೈಲೆ ಬಡಿ."

ರೊಟ್ಟಿ ಹರಿಯಿತು, ಸೊಟ್ಟಾಯಿತು. "ಎಡಗೈ ರೊಟ್ಟಿ ನಾ ಉಣ್ಣಂಗಿಲ್ಲ," ಎಂದು ಅತ್ತೆಯ ನಾದಿನಿ ತಾಟು ಸರಿಸಿದಳು. ಅತ್ತೆ ಅದಕ್ಕೆ ಕೆಂಪು ಚಟ್ನಿ ಸವರಿಕೊಂಡು ನನ್ನೆದುರೇ ಕೂತು ಉಂಡರು. ನನ್ನ ಗಂಡ ತಾಯಿಯ ಮುಖ ನೋಡಿ ತಾವೂ ಒಂದು ತುತ್ತು ಮುರಿದುಕೊಂಡರು.

ಸುಗ್ಗಿಯ ಹೊತ್ತಿಗೆ ಎಡಗೈ ಎಲ್ಲವನ್ನೂ ಕಲಿತಿತ್ತು. ನಾನು ಹಿಗ್ಗಿದೆ, ಅತ್ತೆಗೆ ಸಮಾಧಾನವಿಲ್ಲ. ಎಡಗೈ ಬಡಿಯುವಾಗ ಮಡಿಲಲ್ಲಿ ಬಿದ್ದಿದ್ದ ಬಲಗೈಯ ಬೆರಳುಗಳೂ ತುಸು ಅಲುಗುವುದನ್ನು ಅವರು ಕಂಡಿದ್ದರು.

"ಎಡಗೈ ಶಾಣ್ಯಾ ಆತು. ಎಲ್ಲಾ ಅದೇ ಮಾಡಿದ್ರ ಬಲಗೈಗೆ ಕೆಲಸ ಮರತು ಹೋಗತೈತಿ," ಎಂದು ಬಲಗೈಯನ್ನೆತ್ತಿ ಹಿಟ್ಟಿನ ಮೇಲಿಟ್ಟು, ಅದರ ಮೇಲೆ ಎಡಗೈ ಇರಿಸಿದರು. ಎರಡೂ ಕೂಡಿ ಬಡಿಯಬೇಕು. ಬರಬರುತ್ತ ಎಡಗೈಯನ್ನು ಸೆರಗಿನಿಂದ ಸೊಂಟಕ್ಕೆ ಕಟ್ಟಿ, ಬಲಗೈಯಿಂದ ಕಡಲೆ ಆರಿಸಲು ಹಚ್ಚುತ್ತಿದ್ದರು. ನಾನು ಅತ್ತರೆ, "ಅಳು. ಅಳಕೋಂತ ಆರಿಸು," ಅನ್ನುವರು.

ಕೈ ಪೂರ್ತಿ ಬರಲಿಲ್ಲ. ಆದರೆ ಒಂದು ದಿನ ಮಗಳು ಹೊಸ್ತಿಲಲ್ಲಿ ಮುಗ್ಗರಿಸಿದಾಗ ಬಲಗೈ ತಾನಾಗಿ ಚಾಚಿಕೊಂಡು ಅವಳ ಅಂಗಿ ಹಿಡಿಯಿತು. ಅತ್ತೆ ಸೊಂಟದ ಕೊಡ ಇಳಿಸಿ ಅಲ್ಲಿಯೇ ಕುಳಿತುಬಿಟ್ಟರು. ತವರಿಗೆ ಕಳಿಸುವ ಮಾತು ಮತ್ತೆ ಏಳಲಿಲ್ಲ.

ಯುದ್ಧ ಮುಗಿದ ಮಳೆಗಾಲದಲ್ಲಿ ಅತ್ತೆ ಜ್ವರದಿಂದ ತೀರಿಕೊಂಡರು. ಕೊನೆಕೊನೆಗೆ ಗಂಜಿ ಕುಡಿಸಲು ನಾನು ಎಡಗೈಯಲ್ಲಿ ಚಮಚ ಹಿಡಿದೆ. ಅವರು ತಲೆಯಾಡಿಸಿದರು. "ಬಲಗೈಲೆ."

ಕೈ ನಡುಗಿತು. ಗಂಜಿ ಅವರ ಗದ್ದಕ್ಕೆ ಇಳಿಯಿತು.

"ಚೆಲ್ಲಾಕತ್ತೈತ್ರಿ ಅತ್ತಿ," ಎಂದೆ.

"ಚೆಲ್ಲಲಿ ತಗೋ. ನನಗೇನು ಗಡಿಬಿಡಿ ಇಲ್ಲ," ಎಂದು ಮತ್ತೆ ಬಾಯಿ ತೆರೆದರು.