ಜೈನಬಿಯ ಮನೆಯ ವೈರು

ನಸೀಮಾ, ಆವತ್ತು ನಿನ್ನ ತಾಯಿ ಜೈನಬಿಯ ಮನೆಯ ನೆಟ್ ತಾನಾಗಿ ಹೋಗಲಿಲ್ಲ. ವೈರು ಕಿತ್ತವನು ನಾನು. ಗಾಳಿಯಲ್ಲ, ಮಂಗಗಳಲ್ಲ, ಪಾಪ, ಆ ಕೇಬಲಿನವನೂ ಅಲ್ಲ — ನಾನು, ಜೈನಬಿ ಬಾಯಿ ತುಂಬ 'ಅಣ್ಣಾರ' ಎಂದು ಕರೆಯುವ ಪಕ್ಕದ ಮನೆಯವನು.

ಸಿಟ್ಟಿನಿಂದ ಕಿತ್ತದ್ದಲ್ಲ. ತಿಳಿದುಕೊಳ್ಳುವ ಚಟ. ಗದಗ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು ನಾನು. ಶಿರಹಟ್ಟಿಯ ಬಸ್ಸು ಯಾಕೆ ತಡವಾಯಿತು, ಲಕ್ಷ್ಮೇಶ್ವರದ ಬಸ್ಸಿಗೆ ಇವತ್ತು ಯಾಕಿಷ್ಟು ಜನ — ಕೇಳುವುದೇ ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಕೆಲಸ ಹೋಯಿತು, ಚಟ ಉಳಿಯಿತು.

ಬೆಟಗೇರಿಯ ನಮ್ಮ ಓಣಿಗೆ ಹೈಸ್ಪೀಡ್ ನೆಟ್ ಬಂದಾಗ ಮನೆಗೊಂದು ಪ್ರತ್ಯೇಕ ಲೈನು ಎಳೆಯುವುದು ಆಗದ ಮಾತಾಗಿತ್ತು. ಕೇಬಲಿನವನು ದಾರಿ ಹುಡುಕಿದ. ಒಂದೇ ಮೇನ್ ಲೈನು ತಂದು ಒಂದು ಡಬ್ಬಿಗೆ ಸೇರಿಸಿದ. ಅದರಿಂದ ಮನೆಮನೆಗೆ ವೈರು ಹೊರಟವು. ಮಾಳಿಗೆ ಇದ್ದದ್ದು ನಮ್ಮ ಮನೆಗೆ ಮಾತ್ರ. ಹಾಗಾಗಿ ಡಬ್ಬಿ ನಮ್ಮ ಮೆಟ್ಟಿಲ ಮೇಲಿನ ಗೋಡೆಗೆ ಬಂತು. ಕರೆಂಟು ನಮ್ಮದು, ಬದಲಿಗೆ ನಮಗೆ ನೆಟ್ ಪುಕ್ಕಟೆ.

ಆ ಡಬ್ಬಿಯಲ್ಲಿ ಮನೆಗೊಂದು ಹಸಿರು ದೀಪವಿತ್ತು. ಮನೆಯಲ್ಲಿ ಯಾರಾದರೂ ನೆಟ್ ಬಳಸಿದರೆ ಅವರ ದೀಪ ಮಿಣುಕುತ್ತಿತ್ತು. ಯಾವ ದೀಪ ಯಾರದು? — ಕೇಬಲಿನವನನ್ನು ಕೇಳಿದ್ದರೆ ಹೇಳುತ್ತಿದ್ದ. ನಾನು ಒಂದೊಂದೇ ವೈರು ಕಿತ್ತು, ಯಾರ ಮನೆಯಲ್ಲಿ ಗದ್ದಲ ಏಳುತ್ತದೆಂದು ಕಿವಿಗೊಟ್ಟು ಕಂಡುಕೊಂಡೆ. ಮೂಲೆಮನೆಯ ಅಜ್ಜ ಕುಸ್ತಿ ನೋಡುತ್ತಿದ್ದನಂತೆ, ಕೇಬಲಿನವನ ಏಳು ತಲೆಮಾರನ್ನೂ ಬೈದ. ನಾನು ಮೆಟ್ಟಿಲ ಮೇಲೆ ಕುಳಿತು ನಕ್ಕೆ. ಈಗ ಆ ನಗು ನೆನೆದರೆ ಅಸಹ್ಯವಾಗುತ್ತದೆ.

ನಿನ್ನ ತಾಯಿ ಆಗಷ್ಟೇ ಲಕ್ಷ್ಮೇಶ್ವರದಿಂದ ಬಂದು ಪಕ್ಕದ ಮನೆ ಬಾಡಿಗೆಗೆ ಹಿಡಿದಿದ್ದಳು. ದಿನವೆಲ್ಲ ಅವಳ ಹೊಲಿಗೆ ಮಷಿನ್ನಿನ ಸದ್ದು, ಸೀರೆಗೆ ಫಾಲ್ ಹಚ್ಚುವ ಕೆಲಸ. ಮಧ್ಯಾಹ್ನ ಮಷಿನ್ನು ನಿಲ್ಲುತ್ತಿತ್ತು. ನಿಂತ ಕೂಡಲೇ ಅವಳ ದೀಪ ಹುಚ್ಚು ಹಿಡಿದಂತೆ ಮಿಣುಕತೊಡಗುತ್ತಿತ್ತು. ಆದರೆ ಗೋಡೆಯಾಚೆ ಪಿಟ್ಟೆಂಬ ಸದ್ದಿಲ್ಲ. ಸಿನಿಮಾ ಆದರೆ ಹಾಡು ಕೇಳಬೇಕು, ಫೋನಾದರೆ ಮಾತು ಕೇಳಬೇಕು. ಇದೇನಿದು?

ತಡೆಯಲಾಗದೆ ಕೇಳಿಯೇಬಿಟ್ಟೆ.

"ಮಧ್ಯಾಹ್ನ ಏನ್ ಮಾಡ್ತೀ ತಂಗೀ?"

"ಮಗಳ ಜೋಡಿ ಮಾತಾಡ್ತೇನ್ರಿ ಅಣ್ಣಾರ. ಆಕೀನ್ನ ಮುಂಡರಗಿಗೆ ಕೊಟ್ಟೇವ್ರಿ."

ಮಾತಾಡುತ್ತಾಳಂತೆ! ಸುಳ್ಳು ಎಂದುಕೊಂಡೆ. ನನಗೇ ಸುಳ್ಳು ಹೇಳುತ್ತಾಳಲ್ಲ ಎಂದು ಚುಚ್ಚಿತು ಕೂಡ. ಇನ್ನೊಂದು ಮಾತು ಕೇಳಿದ್ದರೆ ಎಲ್ಲ ತಿಳಿಯುತ್ತಿತ್ತು — ಕೇಳುವುದೇ ಕಸುಬಾದವನು ಆ ಒಂದನ್ನು ಕೇಳಲಿಲ್ಲ.

ಒಂದು ದಿನ ಬೆಳಗಿನಿಂದ ಮಷಿನ್ನು ಸುಮ್ಮನಿತ್ತು, ದೀಪ ಮಾತ್ರ ಒಂದೇ ಸಮನೆ ಮಿಣುಕುತ್ತಿತ್ತು. ಏನಾಗುತ್ತದೋ ನೋಡೋಣ, ಮತ್ತೆ ಚುಚ್ಚಿದರಾಯಿತು — ಹೀಗೆಂದುಕೊಂಡು ವೈರು ಕಿತ್ತೆ.

ಜೈನಬಿ ಕಾಲಲ್ಲಿ ಚಪ್ಪಲಿಯಿಲ್ಲದೆ ಓಡಿ ಬಂದಳು.

"ಅಣ್ಣಾರ, ನೆಟ್ ಹೋತ್ರಿ! ಮಗಳು ಹೆರಿಗಿಗೆ ದವಾಖಾನ್ಯಾಗ ಅದಾಳ್ರಿ. ಆಕಿಗೆ ಕಿವಿ ಕೇಳಂಗಿಲ್ರಿ, ಮಾತೂ ಬರಂಗಿಲ್ಲ, ಓದಾಕೂ ಬರಂಗಿಲ್ಲ. ನರ್ಸ್ ಹೇಳಿದ್ದನ್ನ ನಾ ವಿಡಿಯೋದಾಗ ಕೈಲೆ ಮಾಡಿ ತೋರಿಸಾಕತ್ತಿದ್ದೆ. ಅಳಿಯ ಲಾರಿ ಮ್ಯಾಲೆ ಹೋಗ್ಯಾನ, ಅಲ್ಲಿ ಆಕಿ ಮಾತು ತಿಳಿಯೋರು ಯಾರೂ ಇಲ್ರಿ!"

ಆಗ ನನಗೆ ಎಲ್ಲವೂ ತಿಳಿಯಿತು. ಆ ಸದ್ದಿಲ್ಲದ ಮಾತು, ಆ ಮಧ್ಯಾಹ್ನಗಳು — ಎಲ್ಲ. ಮೆಟ್ಟಿಲು ಹತ್ತಿ ವೈರು ಚುಚ್ಚಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ನನ್ನ ಬೆನ್ನಿಗೇ ಮೆಟ್ಟಿಲ ತನಕ ಬಂದಿದ್ದಳು. ಹತ್ತಿದರೆ ಜೋತುಬಿದ್ದ ವೈರು ಕಾಣುತ್ತದೆ, ಕಿತ್ತವನು ಯಾರೆಂದು ಗೊತ್ತಾಗುತ್ತದೆ...

"ಮೇನ್ ಲೈನೇ ಹೋಗೇತಿ, ತಂಗೀ," ಎಂದೆ. "ಕೇಬಲಿನವಂಗ ಖಬರ ಮುಟ್ಟಿಸೇನಿ. ಬರ್ತಾನ."

ವೈರು ಕಿತ್ತದ್ದು ಚಟ. ಈ ಮಾತು ಚಟವಲ್ಲ ನಸೀಮಾ, ಇದು ಪಾಪ. ಎಲ್ಲ ತಿಳಿದ ಮೇಲೆ ಆಡಿದ ಮಾತು.

ಅವಳು ಫೋನನ್ನು ತಲೆಯ ಮೇಲೆ ಹಿಡಿದು ಓಣಿಯ ತುದಿಯ ತನಕ ಸಿಗ್ನಲ್ ಹುಡುಕುತ್ತ ಹೋದಳು. ಸಿಗಲಿಲ್ಲವೇನೋ, ಹಾಗೇ ಮುಂಡರಗಿಯ ಬಸ್ಸು ಹಿಡಿಯಲು ಬಸ್ ಸ್ಟ್ಯಾಂಡಿನ ಕಡೆಗೆ ಓಡಿದಳು. ಅವಳು ಮರೆಯಾದ ಕೂಡಲೇ ನಾನು ಮೇಲೆ ಓಡಿ ವೈರು ಚುಚ್ಚಿದೆ. ದೀಪ ಹತ್ತಿತು. ಆದರೆ ಮಿಣುಕಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲವಲ್ಲ.

ಮುಂದಿನದನ್ನು ಬಾಣಂತನಕ್ಕೆ ಬಂದಾಗ ನೀನೇ ಕೈಯಲ್ಲಿ ಹೇಳಿದ್ದೆ. ಜೈನಬಿ ಅದನ್ನು ಬಾಯಲ್ಲಿ ನನಗೆ ಹೇಳಿದಳು. ಫೋನಿನಲ್ಲಿ ತಾಯಿಯ ಕೈಗಳು ಇದ್ದಕ್ಕಿದ್ದಂತೆ ನಿಂತುಬಿಟ್ಟವು. ಆಮೇಲೆ ಎಲ್ಲರೂ ಅವಸರದಲ್ಲಿ ನಿನ್ನನ್ನು ಆಪರೇಷನ್ನಿಗೆ ಒಯ್ದರು. ಯಾಕೆಂದು ನಿನಗೆ ತಿಳಿಯಲಿಲ್ಲ. ಎಚ್ಚರವಾದಾಗ ಪಕ್ಕದಲ್ಲಿ ಕೂಸಿರಲಿಲ್ಲ. ಅದನ್ನು ಬೇರೆ ಕೋಣೆಯಲ್ಲಿ ಬೆಚ್ಚಗೆ ಇಟ್ಟಿದ್ದರು. ನರ್ಸು ನಗುತ್ತ ಏನೋ ಅಂದಳು. ನೀನು ಕೂಸು ಸತ್ತಿದೆ ಎಂದುಕೊಂಡೆ. ತಾಯಿ ಬಂದು ಕೈಯಾಡಿಸಿ 'ಹೆಣ್ಣು, ಚಲೋ ಐತಿ' ಅನ್ನುವವರೆಗೂ ಹಾಗೇ ಅಂದುಕೊಂಡು ಅತ್ತೆ.

ಆಪರೇಷನ್ ಹೇಗಿದ್ದರೂ ಆಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಇರಬಹುದು. ನಾನು ಕಿತ್ತುಕೊಂಡದ್ದು ಅದನ್ನಲ್ಲ. ನಿನಗೆ ಹೇಳುವವಳನ್ನು ಕಿತ್ತುಕೊಂಡೆ.

ಇಷ್ಟಾದರೂ ಜೈನಬಿ ನನಗೆ ಪಾಯಸ ತಂದುಕೊಟ್ಟಳು — ನಾನೇ ಕೇಬಲಿನವನ ಬೆನ್ನುಹತ್ತಿ ಅದೇ ದಿನ ನೆಟ್ ಸರಿಮಾಡಿಸಿದೆ ಎಂದು ನಂಬಿ. ನೀನು ನನ್ನನ್ನು ನೋಡಿ ಕಿವಿಯ ಹತ್ತಿರ ಬೆರಳುಗಳನ್ನು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ತೋರಿಸಿದೆ. "ನಿಮಗ ಹೆಸರಿಟ್ಟಾಳ್ರಿ ಅಣ್ಣಾರ," ಅಂದಳು ಜೈನಬಿ. "ಲೈಟಿನ ಮಾಮಾ ಅಂತ. ನಿಮ್ಮ ಮೆಟ್ಟಿಲ ಮ್ಯಾಲಿನ ಡಬ್ಬಿ ಲೈಟ್ ನೋಡ್ಯಾಳಲ್ರಿ." ನಾನು ಪಾಯಸ ಉಂಡೆ. ಆ ಹೆಸರನ್ನೂ ಇಟ್ಟುಕೊಂಡೆ.

ಈಗ ಮನೆಮನೆಗೂ ಬೇರೆ ಲೈನು ಬಂದಿದೆ. ಮೊನ್ನೆ ಕೇಬಲಿನವನು ಡಬ್ಬಿ ಬಿಚ್ಚಿಕೊಂಡು ಹೋದ. ಗೋಡೆಯ ಮೇಲೆ ಅದಿದ್ದ ಜಾಗ ಬಿಳಿಯಾಗಿ ಉಳಿದಿದೆ. ಮೆಟ್ಟಿಲು ಹತ್ತುವಾಗೆಲ್ಲ ಕಣ್ಣಿಗೆ ಬೀಳುತ್ತದೆ.

ಇದನ್ನು ನಿನಗೆ ತಿಳಿಸಲು ಜೈನಬಿಯ ಕೈಗೆ ಬರೆದುಕೊಟ್ಟು ಒಳಗೆ ಹೋಗಿ ಕೂರುವ ಮನಸ್ಸು ನನಗಿಲ್ಲ. ನಿನ್ನ ಮಾತಿನಲ್ಲೇ ಹೇಳಬೇಕು. ಇಷ್ಟು ಬರೆದದ್ದು ನನ್ನ ಧೈರ್ಯಕ್ಕೆ. ಹೋದ ವಾರ ಜೈನಬಿಯ ಹತ್ತಿರ ಎರಡು ಮಾತು ಕಲಿತೆ: 'ನಾನು', 'ಕಿತ್ತೆ'. ಮೊದಲನೆಯದಕ್ಕೆ ಬೆರಳು ಎದೆಗೆ. ಎರಡನೆಯದಕ್ಕೆ ಮುಷ್ಟಿ ಹಿಡಿದು ಎಳೆಯಬೇಕು.

"ಇವ್ಯಾಕ ಬೇಕಾದ್ವ್ರಿ ಅಣ್ಣಾರ?" ಎಂದು ನಕ್ಕಳು.

ಭಾನುವಾರ ನೀನು ಮಗಳನ್ನು ಕರೆದುಕೊಂಡು ಬರುತ್ತೀ. ಜೈನಬಿಯ ಎದುರಿಗೇ ಹೇಳುತ್ತೇನೆ. ಆಮೇಲೆ ನೀನು ಕೊಟ್ಟ ಹೆಸರನ್ನು ನೀನೇ ವಾಪಸು ತೆಗೆದುಕೋ.