ನಿಧಾನ ಮೇಡಂ ಅಳಿಸಿದ ನಮಸ್ಕಾರ

ನಮ್ಮ ದೊಡ್ಡಮ್ಮನಿಗೆ ಲೈಬ್ರರಿಯಲ್ಲಿ ‘ನಿಧಾನ ಮೇಡಂ’ ಎಂದೇ ಹೆಸರು. ಅಲ್ಲಿನ ಆರು ಲಿನಕ್ಸ್ ಕಂಪ್ಯೂಟರುಗಳ ಯೋಗಕ್ಷೇಮ ಅವಳದು. ಪುಸ್ತಕ ಕೊಡುವ ಕೌಂಟರು ನನ್ನದು. ಒಂದು ಸಾಫ್ಟ್‌ವೇರ್ ತೆಗೆದುಹಾಕಿದರೂ ಅದರ ಸೆಟ್ಟಿಂಗ್ ಫೈಲುಗಳು ಅಲ್ಲೇ ಉಳಿಯುತ್ತವೆ, ಬಾಡಿಗೆಯವರು ಮನೆ ಬಿಟ್ಟ ಮೇಲೂ ಗೋಡೆಯಲ್ಲಿರುವ ಮೊಳೆಗಳ ಹಾಗೆ. ಬೇರೆಯವರು ‘ಪರ್ಜ್’ ಎಂಬ ಒಂದೇ ಆಜ್ಞೆ ಕೊಟ್ಟು ಎಲ್ಲ ಒರೆಸಿ ಕೈತೊಳೆದುಕೊಳ್ಳುತ್ತಾರೆ. ದೊಡ್ಡಮ್ಮ ಒಂದೊಂದನ್ನೂ ತೆರೆದು ಓದುತ್ತಾಳೆ. ಎರಡು ನಿಮಿಷದ ಕೆಲಸಕ್ಕೆ ಎರಡು ದಿನ.

“ಯಾರೋ ಏನೋ ಕಾರಣಕ್ಕೆ ಬರೆದಿರ್ತಾರೆ ಕಣೇ. ಓದದೆ ಹೇಗೆ ಎಸೆಯೋದು?”

ಪುಸ್ತಕ ಓದಿಹೇಳುವ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಿದ ವಾರ ಈ ನಿಧಾನಕ್ಕೆ ಕುತ್ತು ಬಂತು. ಕಿಟಕಿ ಪಕ್ಕದ ಕಂಪ್ಯೂಟರ್ ಮೇಷ್ಟ್ರದು. ಗಣಿತ ಕಲಿಸಿ ನಿವೃತ್ತರಾದವರು, ಕಣ್ಣು ಹೋಗಿ ಹನ್ನೊಂದು ವರ್ಷ. ಅಂದಿನಿಂದ ದಿನಾ ಹತ್ತಕ್ಕೆ ಬಂದು ಪುಟ್ಟ ಸ್ಪೀಕರಿಗೆ ಕಿವಿಗೊಟ್ಟು ಪುಸ್ತಕ ಕೇಳುತ್ತಾರೆ. ಈಗ ಗುಂಡಿ ಒತ್ತಿದರೆ ಕಾಲು ಗಂಟೆ ಸದ್ದೇ ಇಲ್ಲ. ಆಮೇಲೆ ಹೊಸ ದನಿ ಯಾರೋ ಅಟ್ಟಿಸಿಕೊಂಡು ಬಂದಂತೆ ಒಂದೇ ಉಸಿರಿಗೆ ಓದುತ್ತಿತ್ತು. ಮೂರನೆಯ ದಿನ ಮೇಷ್ಟ್ರು ಕೋಲು ಹಿಡಿದು ಕೌಂಟರಿಗೆ ಬಂದರು.

“ಇದು ನಂಗೆ ಒಗ್ಗಲ್ಲಮ್ಮ. ನಾಳೆ ಒಂದಿನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬರೋದೇ ಬಿಡ್ತೀನಿ.”

ಬೇರೆಲ್ಲೂ ಅವರಿಗೆ ಪುಸ್ತಕವಿಲ್ಲ.

“ಹಳೇದು ಉಳಿದಿರೋದೆಲ್ಲಾ ಒರೆಸಿಹಾಕಿ ಮೇಡಂ,” ಎಂದರು ಲೈಬ್ರರಿಯ ಮುಖ್ಯಸ್ಥರು. ದೊಡ್ಡಮ್ಮ ತಲೆಯಾಡಿಸಿ, ಎಂದಿನಂತೆ ಓದುತ್ತ ಕೂತಳು. ನನಗೆ ಮೈಯೆಲ್ಲ ಉರಿಯಿತು.

ಸಂಜೆಯ ಹೊತ್ತಿಗೆ ಹಳೆಯ ಸೆಟ್ಟಿಂಗ್ ಫೈಲು ಸಿಕ್ಕಿತು. ಅಲ್ಪವಿರಾಮಕ್ಕೆ ಇಷ್ಟು ನಿಲ್ಲು, ಅಂಕಿಗಳನ್ನು ಬಿಡಿಬಿಡಿಯಾಗಿ ಓದು. ಮೇಷ್ಟ್ರು ನನ್ನ ಬಳಿ ಗೊಣಗಿದಾಗಲೆಲ್ಲ ಅವಳು ತೆಪ್ಪಗೆ ತಿದ್ದಿದ ಸಾಲುಗಳು. ಒರೆಸಿದ್ದರೆ ಎಲ್ಲ ಮಣ್ಣುಪಾಲಾಗುತ್ತಿತ್ತು. ಹೊಸದಕ್ಕೆ ಒಂದೊಂದೇ ಸಾಲು ಹೊಂದಿಸಿ ಬರೆದು, ಆಮೇಲೆ ಪರ್ಜ್ ಮಾಡಿದಳು.

ಆದರೂ ಕಂಪ್ಯೂಟರ್ ಬೇಗ ಏಳಲಿಲ್ಲ. ಹುಡುಕಿದರೆ ಮೂಲೆಯಲ್ಲೊಂದು ಪುಟ್ಟ ಸ್ಕ್ರಿಪ್ಟು, ಕಂಪ್ಯೂಟರ್ ಎದ್ದಾಗ ತಾನಾಗಿಯೇ ನಡೆಯುವ ನಾಲ್ಕು ಸಾಲಿನ ಆಜ್ಞೆ, ಇಲ್ಲದ ಹಳೆಯ ಸಾಫ್ಟ್‌ವೇರಿಗಾಗಿ ದಿನಾ ಕಾಯುತ್ತ ಕೂತಿತ್ತು. ಅದು ಇದೆಯೋ ಇಲ್ಲವೋ ಮೊದಲು ನೋಡು ಎಂಬ ಸಾಲೇ ಇರಲಿಲ್ಲ.

“ಅಷ್ಟೂ ಗೊತ್ತಿಲ್ಲದೋರು ಯಾರು ಬರೆದಿದ್ದು ಇದನ್ನ?” ಎಂದೆ.

ದೊಡ್ಡಮ್ಮನ ಮುಖ ಹುಳ್ಳಗಾಯಿತು. “ನಾನೇ ಕಣೇ.”

ಕಂಪ್ಯೂಟರ್ ಎದ್ದ ಕೂಡಲೇ ಹಳೆಯ ದನಿಯಿಂದ ‘ನಮಸ್ಕಾರ ಮೇಷ್ಟ್ರೇ’ ಎನ್ನಿಸುತ್ತಿದ್ದದ್ದು ಅದೇ. ಸಾಫ್ಟ್‌ವೇರ್ ಜೊತೆ ಬಂದದ್ದಲ್ಲ, ಹಾಗಾಗಿ ಪರ್ಜಿಗೂ ಸಿಕ್ಕಿರಲಿಲ್ಲ. ಹಾಲಿನವನನ್ನು ಮಾತಾಡಿಸಲೂ ನಾಚುವ ಹೆಂಗಸು, ಹನ್ನೊಂದು ವರ್ಷ ಮೆಷಿನ್ನಿನ ಬಾಯಲ್ಲಿ ಹೇಳಿಸಿದ್ದಳು.

“ಸರಿಮಾಡಿ ಇಟ್ಕೋ,” ಎಂದೆ.

“ನನ್ನದು ಅಂತ ಇಟ್ಕೊಂಡ್ರೆ ಬೇರೆಯವರದ್ದು ಅಳಿಸಿದ್ದು ಯಾವ ನ್ಯಾಯ?” ಎಂದು ಕೈಯಾರೆ ಅಳಿಸಿದಳು. ಅವತ್ತು ಅವಳ ಮೇಲೆ ನನಗೆ ಬಹಳ ಪ್ರೀತಿ ಬಂತು.

ಮರುದಿನ ಹತ್ತಕ್ಕೆ ಮೇಷ್ಟ್ರು ಗುಂಡಿ ಒತ್ತಿದರು. ಪರದೆ ತಕ್ಷಣ ಬೆಳಗಿತು, ಆದರೆ ಅದು ಅವರಿಗೆ ಗೊತ್ತಾಗುವುದು ಹೇಗೆ? ಕಿವಿ ವಾಲಿಸಿ ಕಾದರು. ಆಮೇಲೆ ಕೈ ಕೋಲಿನತ್ತ ಹೋಯಿತು.

“ನಮಸ್ಕಾರ ಮೇಷ್ಟ್ರೇ,” ಎಂದಳು ದೊಡ್ಡಮ್ಮ ಕೂತಲ್ಲಿಂದಲೇ.

“ಯಾರಮ್ಮ ಅದು?”

“ಇಷ್ಟು ವರ್ಷ ನಿಮಗೆ ನಮಸ್ಕಾರ ಹೇಳಿಸ್ತಿದ್ದೋರು,” ಎಂದೆ ನಾನು.

ಮೇಷ್ಟ್ರು ಕೋಲು ಬಿಟ್ಟು, ಅವಳ ದನಿ ಬಂದ ಕಡೆಗೆ ತಿರುಗಿ ಕೈಮುಗಿದರು.